ಮೂವತ್ತೆಂಟು ಮನೆಯ ಮುದ್ರೆ

ಕಾನೆಹಾಮಾ
ಜೂನ್ 6, 1996

ಪ್ರೀತಿಯ ಚಿಜುರು,

ಮಳೆ ಹಿಡಿದಿದೆ, ಹೂವು ಅರಳಿದೆ ಎಂದು ಎರಡು ಸಾಲು ಬರೆದು ಕಾಗದ ಶುರು ಮಾಡುವುದು ನಮ್ಮ ಪದ್ಧತಿ. ಆದರೆ ಲಾಂಡ್ರಿಯವಳಿಗೆ ಮಳೆಗಾಲವೆಂದರೆ ಒಣಗದ ಬಟ್ಟೆಯ ಕಾಲ. ಅದನ್ನು ಹೊಗಳುವ ಮನಸ್ಸು ನನಗಿಲ್ಲ. ನೇರ ವಿಷಯಕ್ಕೆ ಬರುತ್ತೇನೆ.

ನಿನ್ನೆ ಮಿನಾತೊ ಟಾಕೀಸಿನ ತಾಬುಚಿ ಪೇಪರು ಹಿಡಿದುಕೊಂಡು ಅಂಗಡಿಗೆ ಓಡಿಬಂದ. "ಅಕ್ಕಾ, ನಿಮ್ಮ ಮಗಳ ಹೆಸರು ಬಂದಿದೆ, ನೋಡಿ ನೋಡಿ!" ಅಂದ. ಎರಡೇ ಸಾಲು. 'ಇಸೊಬೆ ಚಿಜುರು ಅವರ ಮೊದಲ ಚಿತ್ರ "ಹಬೆ" ಸೆಪ್ಟೆಂಬರಿನಲ್ಲಿ ತೆರೆಗೆ.' ಓದಿ ಪೇಪರು ಮಡಚಿ ಕೊಟ್ಟೆ. "ಇಷ್ಟೇನಾ?" ಅಂತ ಕೇಳಿದ. "ಇನ್ನೇನು, ಕೌಂಟರಿನ ಮೇಲೆ ಹತ್ತಿ ಕುಣೀಲಾ?" ಅಂದೆ. ಅವನು ಹೋದ ಮೇಲೆ ನನ್ನದೇ ದುಡ್ಡಿನಲ್ಲಿ ಪೇಪರಿನ ಎರಡು ಪ್ರತಿ ಕೊಂಡು ತಂದೆ.

ನೀನು ಊರು ಬಿಟ್ಟು ಹನ್ನೊಂದು ವರ್ಷವಾಯಿತು. ಹೊಸ ವರ್ಷಕ್ಕೊಂದು ಕಾರ್ಡು ಬಿಟ್ಟರೆ ನಮ್ಮ ನಡುವೆ ಕಾಗದ ಓಡಾಡಿಲ್ಲ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಮೂರನೇ ನಿಮಿಷಕ್ಕೆ ಜಗಳಕ್ಕೆ ಬೀಳುತ್ತೇವೆ. ಕಾಗದವಾದರೆ ಜಗಳ ಅಂಚೆಯಲ್ಲಿ ಎರಡು ದಿನ ತಣ್ಣಗಾಗುತ್ತದೆ.

ಇಲ್ಲಿ ಎಲ್ಲ ಹಾಗೇ ಇದೆ. ಮೂರನೇ ಕೇರಿಯ ಸುತ್ತೋಲೆಯಲ್ಲಿ ನನ್ನ 'ಮನೆಮಂದಿಯ ಸಿನಿಮಾ' ಅಂಕಣಕ್ಕೆ ಇದು ಇಪ್ಪತ್ತೊಂದನೇ ವರ್ಷ. ಅದೇ ಹಳೆಯ ರಟ್ಟಿನ ಹಲಗೆ, ಮೇಲೆ ಕಸದ ಗಾಡಿಯ ವೇಳೆ, ಚರಂಡಿ ತೊಳೆಯುವ ದಿನ, ಕೆಳಗೆ ನನ್ನ ಅರ್ಧ ಪುಟ. ಮೂವತ್ತೆಂಟು ಮನೆ ಸುತ್ತಿ ಮೂವತ್ತೆಂಟು ಮುದ್ರೆ ಒತ್ತಿಸಿಕೊಂಡು ಬರುತ್ತದೆ. ಓದಿದ್ದೇವೆ ಎಂಬುದಕ್ಕೆ ಸಹಿಯ ಬದಲು ಮನೆತನದ ಹೆಸರಿನ ಮುದ್ರೆ. ನಿಜವಾಗಿ ಓದುತ್ತಾರೋ ಇಲ್ಲವೋ ದೇವರೇ ಬಲ್ಲ.

ಈ ತಿಂಗಳು ಮೂರು ಹೊಸ ಸಿನಿಮಾ ನೋಡಿದೆ. ಒಂದು ಕತ್ತಿವರಸೆಯದು. ನಾಯಕ ಮೂರು ಸಲ ಬಡಿಸಿದ ಊಟ ಬಿಟ್ಟು ಎದ್ದು ಹೋಗುತ್ತಾನೆ. ಹೀಗೆ ಬರೆದೆ: 'ಅಜ್ಜಿಯ ಜೊತೆ ನೋಡಬಹುದು, ಅವರು ಹೇಗೂ ನಿದ್ದೆ ಹೋಗುತ್ತಾರೆ. ಪಾಠ: ಬಡಿಸಿದ ಊಟ ಬಿಟ್ಟು ಏಳುವವನನ್ನು ಮದುವೆಯಾಗಬಾರದು.' ಇನ್ನೊಂದು ಡಾಕ್ಟರ ಪ್ರೇಮಕಥೆ. 'ಅತ್ತೆ ಊರಲ್ಲಿ ಇಲ್ಲದಾಗ ನೋಡಿ. ಪಾಠ: ಮನೆಯ ಬೀಗದ ಕೈ ಪಕ್ಕದ ಮನೆಯವರಿಗೆ ಕೊಡಬೇಡಿ.' ಮೂರನೆಯದು ಕಾಡುನಾಯಿಗಳ ಸಂಸಾರದ ಕಾರ್ಟೂನ್ ಸಿನಿಮಾ, ಮಕ್ಕಳದು. ಅದರಲ್ಲಿ ಅತ್ತುಬಿಟ್ಟೆ. ಅತ್ತದ್ದನ್ನು ಬರೆಯಲಿಲ್ಲ, ಪಾಠವನ್ನಷ್ಟೇ ಬರೆದೆ.

ಮೊನ್ನೆ ಕೇರಿಯ ಮುಖ್ಯಸ್ಥ ಹಮಾಜಿ ಬಟ್ಟೆಯ ಚೀಟಿ ಕಳೆದುಕೊಂಡು ಸೂಟು ಕೇಳಲು ಬಂದಿದ್ದರು. "ಮೂವತ್ತು ವರ್ಷದಿಂದ ನನ್ನ ಮುಖ ನೋಡ್ತಿದ್ದೀಯಲ್ಲಮ್ಮಾ!" ಅಂದರು. "ಮುಖಕ್ಕೆ ನಂಬರಿಲ್ಲ ಹಮಾಜಿಯವರೇ, ಸೂಟಿಗಿದೆ" ಅಂದೆ. ಮನೆಗೆ ಹೋಗಿ ಹುಡುಕಿ ತಂದರು. ಚೀಟಿ ಇಲ್ಲದೆ ಈ ಅಂಗಡಿಯಿಂದ ಒಂದು ಕರವಸ್ತ್ರವೂ ಆಚೆ ಹೋಗಿಲ್ಲ, ಹೋಗುವುದೂ ಇಲ್ಲ.

'ಹಬೆ' ಯಾವುದರ ಕುರಿತು ಎಂದು ನಾನು ಕೇಳುತ್ತಿಲ್ಲ.

ನಿನ್ನ ಅಮ್ಮ,
ಮಿತ್ಸುಯೊ


ಟೋಕಿಯೊ
ಜೂನ್ 21, 1996

ಅಮ್ಮಾ,

ಕಾಗದ ಬಂತು. ಹೌದು, ಸಿನಿಮಾ ಮಾಡಿದ್ದೇನೆ. ಅರವತ್ತು ಕುರ್ಚಿಯ ಚಿತ್ರಮಂದಿರದಲ್ಲಿ ಎರಡು ವಾರ ಓಡುತ್ತದೆ. ಹೊರಗಿನ ಊರುಗಳಿಂದ ಬೇಡಿಕೆ ಬಂದರೆ ಮಾತ್ರ ಮುಂದಿನ ಸಿನಿಮಾದ ಮಾತು ಎಂದು ಹಂಚಿಕೆದಾರರು ಹೇಳಿದ್ದಾರೆ. ಬರದಿದ್ದರೆ ಇದೇ ಮೊದಲು, ಇದೇ ಕೊನೆ.

ನಿನ್ನಲ್ಲಿ ಒಂದೇ ಒಂದು ಕೋರಿಕೆ. ಇದನ್ನು ನೋಡಬೇಡ. ಸುತ್ತೋಲೆಯಲ್ಲಿ ಬರೆಯಬೇಡ.

ನನಗೆ ಇಪ್ಪತ್ತು ವರ್ಷವಾಗಿದ್ದಾಗ ಸಮುದಾಯ ಭವನದಲ್ಲಿ ನನ್ನ ಹನ್ನೊಂದು ನಿಮಿಷದ ಚಿತ್ರ ತೋರಿಸಿದ್ದರು, ನಿನಗೆ ನೆನಪಿರಬೇಕು. ಬಂದರು, ಒಣಹಾಕಿದ ಬೊಂಡಾಸ್ ಮೀನು, ಹಡಗಿನ ಟಿಕೆಟ್ ಕೌಂಟರು. ನೀನು ಕಾಡುನಾಯಿಗೂ ಒಂದು ಪಾಠ ಹುಡುಕಿಕೊಟ್ಟವಳು. ನನ್ನದಕ್ಕೆ ಬರೆದದ್ದು: 'ಪಾಠ: ಇಲ್ಲ.' ಅದಕ್ಕೆ ಮೂವತ್ತೆಂಟು ಮನೆಯವರು ಮುದ್ರೆ ಒತ್ತಿದರು. ಆ ಹಾಳೆ ನಾನು ನೋಡಿದ್ದೇನೆ, ಅಮ್ಮಾ. ಇಡೀ ಕೇರಿ ಸಹಿ ಹಾಕಿ ಕೊಟ್ಟ ತೀರ್ಪಿನ ಹಾಗಿತ್ತು.

ನಿನ್ನ ಮಂಡಿ ನೋವು ಹೇಗಿದೆ? ನೀನು ಬರೆಯಲಿಲ್ಲ.

ಚಿಜುರು


ಕಾನೆಹಾಮಾ
ಜುಲೈ 2, 1996

ಚಿಜುರು,

ಮಂಡಿ ಇದೆ. ಎರಡೂ ಇವೆ.

ಸಿನಿಮಾದಲ್ಲಿ ಪಾಠ ಇರಬೇಕು ಎನ್ನುವವಳು ನಾನು, ಅದನ್ನು ಈಗಲೂ ಬಿಡುವುದಿಲ್ಲ. ಮೀನಿನ ವಡೆ ಅಂಗಡಿಯ ಓಕಿಮೊತೊ ವಾರಕ್ಕೆ ಆರು ದಿನ ಎಣ್ಣೆಯ ಮುಂದೆ ನಿಲ್ಲುತ್ತಾಳೆ. ಏಳನೆಯ ದಿನ ಗಂಡ, ಅತ್ತೆ, ಎರಡು ಮಕ್ಕಳನ್ನು ಕಟ್ಟಿಕೊಂಡು ಟಾಕೀಸಿಗೆ ಹೋಗುತ್ತಾಳೆ. ಎರಡು ಗಂಟೆ ಕತ್ತಲಲ್ಲಿ ಕೂತು ಎದ್ದವಳಿಗೆ ಮನೆಗೆ ಒಯ್ಯಲು ಏನಾದರೂ ಸಿಗಬೇಡವೇ? ನೀವು ದೊಡ್ಡ ಊರಿನವರು ಇದನ್ನು ಕೇಳಿ ನಗುತ್ತೀರಿ. ನಗಿ. ಕೇರಿಯಲ್ಲಿ ಯಾವ ಸಿನಿಮಾಕ್ಕೆ ಅತ್ತೆಯನ್ನು ಕರೆದೊಯ್ಯಬೇಕೆಂದು ನನ್ನನ್ನು ಕೇಳಿಯೇ ಹೊರಡುತ್ತಾರೆ. ನನ್ನ ಅರ್ಧ ಪುಟದಿಂದ ಎಷ್ಟು ಮನೆಗಳಲ್ಲಿ ರಾದ್ಧಾಂತ ತಪ್ಪಿದೆ ಎಂಬುದು ನಿನಗೇನು ಗೊತ್ತು.

ಆ ಎರಡು ಅಕ್ಷರದ ವಿಷಯಕ್ಕೆ ನಾನು ಈಗ ಉತ್ತರ ಕೊಡುವುದಿಲ್ಲ. ಉತ್ತರ ಇಲ್ಲವೆಂದಲ್ಲ.

ನೋಡಬೇಡ ಅಂದೆ. ನೋಡುವುದಿಲ್ಲ. ಮಾತು ಕೊಟ್ಟಿದ್ದೇನೆ.

ಒಣಗಿಸಿದ ಬೊಂಡಾಸ್ ಕಳಿಸಿದ್ದೇನೆ. ಉರಿ ಸಣ್ಣದಿರಲಿ, ಸುಡಬೇಡ.

ಅಮ್ಮ


ಟೋಕಿಯೊ
ಸೆಪ್ಟೆಂಬರ್ 19, 1996

ಅಮ್ಮಾ,

ಶನಿವಾರ ತೆರೆಕಂಡಿತು. ಮೊದಲ ದಿನ ನಲವತ್ತು ಜನ, ಅವರಲ್ಲಿ ಮೂವತ್ತು ಮಂದಿ ಚಿತ್ರಕ್ಕೆ ಕೆಲಸ ಮಾಡಿದವರೇ. ಸೋಮವಾರ ಏಳು ಜನ. ನಿನ್ನೆ ಐದು. ಒಬ್ಬ ಮುದುಕರು ಚಪ್ಪಲಿ ಬಿಚ್ಚಿ, ಕಾಲು ಮಡಚಿ ಆರಾಮಾಗಿ ಮಲಗಿದ್ದರು. ಎಬ್ಬಿಸುವ ಮನಸ್ಸಾಗಲಿಲ್ಲ. ಎದ್ದಾಗ ನನ್ನನ್ನು ಟಿಕೆಟ್ ಹರಿಯುವವಳೆಂದುಕೊಂಡು "ತಂಪಾಗಿತ್ತಮ್ಮಾ, ಥ್ಯಾಂಕ್ಸ್" ಅಂದು ಹೋದರು. ನಾನು ತಲೆಬಾಗಿ ನಮಸ್ಕರಿಸಿದೆ.

ಯಾವ ಊರಿನಿಂದಲೂ ಬೇಡಿಕೆ ಬಂದಿಲ್ಲ. ಮದುವೆಯ ವೀಡಿಯೊ ತೆಗೆಯುವ ಕಂಪನಿಯೊಂದು ಕೆಲಸ ಕೊಡುತ್ತೇನೆ ಅಂದಿದೆ. ಹೊಸ ವರ್ಷದಿಂದ ಸೇರಬಹುದು. ಅಲ್ಲಿ ಪಾಠ ಇರುತ್ತದೆ. ಎಲ್ಲರೂ ಸುಖವಾಗಿ ಬಾಳುತ್ತಾರೆ.

ಬೊಂಡಾಸ್ ಸುಟ್ಟೆ. ಆದರೂ ತಿಂದೆ.

ಚಿಜುರು


ಕಾನೆಹಾಮಾ
ಅಕ್ಟೋಬರ್ 4, 1996

ಚಿಜುರು,

ಕೂತುಕೊಂಡು ಓದು. ಇಲ್ಲೊಂದು ಎಡವಟ್ಟಾಗಿದೆ. ಅದರಲ್ಲಿ ನನ್ನ ಪಾಲೂ ಇದೆ.

ಅಕ್ಟೋಬರ್ ಒಂದಕ್ಕೆ ಶಾಲೆಯ ಮಕ್ಕಳು ಬೇಸಿಗೆಯ ಯೂನಿಫಾರ್ಮು ಬಿಟ್ಟು ಚಳಿಗಾಲದ್ದು ತೊಡುತ್ತಾರಲ್ಲ. ಅದರ ಹಿಂದಿನ ವಾರ ನನ್ನ ಅಂಗಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಇನ್ನೂರು ಕೋಟು, ಇನ್ನೂರು ಲಂಗ. ಈ ಸಲ ನನ್ನ ಅರ್ಧ ಪುಟವನ್ನೂ ಬರೆಯಲಾಗಲಿಲ್ಲ. ಸುತ್ತೋಲೆ ಬಂತು, ಒಂದು ಕೈಯಲ್ಲಿ ಇಸ್ತ್ರಿಪೆಟ್ಟಿಗೆ ಹಿಡಿದೇ ಇನ್ನೊಂದು ಕೈಯಲ್ಲಿ ಮುದ್ರೆ ಒತ್ತಿ ಓಕಿಮೊತೊ ಮನೆಗೆ ದಾಟಿಸಿದೆ.

ಮೊನ್ನೆ ತಾಬುಚಿ ಬಂದ. ಮುಖ ಹುಣ್ಣಿಮೆಯಾಗಿತ್ತು. ಕಣ್ಣಲ್ಲಿ ನೀರು. "ಅಕ್ಕಾ, ನಮ್ಮ ಕೇರಿಯವರು ಇಷ್ಟು ದೊಡ್ಡ ಮನಸ್ಸಿನವರು ಅಂತ ನಂಗೆ ಗೊತ್ತೇ ಇರ್ಲಿಲ್ಲ" ಅಂದ.

"ಏನಾಯ್ತೋ?"

"ಮೂವತ್ತೆಂಟಕ್ಕೆ ಮೂವತ್ತೆಂಟು! ಒಂದು ಮನೆಯೂ ಬಿಟ್ಟಿಲ್ಲ. ನಾನು ಇವತ್ತೇ ಟೋಕಿಯೊಗೆ ಫೋನ್ ಮಾಡಿ ರೀಲು ಕಳ್ಸಿ ಅಂದ್ಬಿಟ್ಟೆ!"

ಹಲಗೆ ಮುಂದಿಟ್ಟ. ನನ್ನ ಅರ್ಧ ಪುಟ ಇರಬೇಕಾದ ಜಾಗದಲ್ಲಿ ಅವನದೊಂದು ಚೀಟಿ ಅಂಟಿಸಿತ್ತು. 'ನಮ್ಮ ಕೇರಿಯ ಮಗಳು ಚಿಜುರು ಮಾಡಿದ "ಹಬೆ" ತರಿಸಬೇಕೆಂದಿದ್ದೇನೆ. ಅರವತ್ತು ಜನರಾದರೂ ಬರುವ ಖಾತ್ರಿಯಿದ್ದರೆ ಮಾತ್ರ ಹಂಚಿಕೆದಾರರು ಕಳಿಸುತ್ತಾರೆ. ನವೆಂಬರ್ ಮೂರು, ಮಧ್ಯಾಹ್ನ ಎರಡಕ್ಕೆ. ಮನೆಮಂದಿ ಸಮೇತ ಖಂಡಿತ ಬರುವವರು ಮಾತ್ರ ಮುದ್ರೆ ಒತ್ತಿ.'

ಕೆಳಗೆ ಮೂವತ್ತೆಂಟು ಕೆಂಪು ಮುದ್ರೆ. ನಾಲ್ಕನೆಯದು 'ಇಸೊಬೆ'. ಸ್ವಲ್ಪ ವಾರೆಯಾಗಿ, ಕೈಯಲ್ಲಿ ಇಸ್ತ್ರಿಪೆಟ್ಟಿಗೆ ಇದ್ದವಳು ಒತ್ತಿದ ಹಾಗೆ.

ಒಬ್ಬರೂ ಓದಿಲ್ಲ, ಚಿಜುರು! ಕಸದ ಗಾಡಿಯ ವೇಳೆ ಎಂದುಕೊಂಡು ಇಡೀ ಕೇರಿ ಒತ್ತಿದೆ. ಸುದ್ದಿ ಹರಡಿದ್ದೇ ತಡ ಅಂಗಡಿಯ ಮುಂದೆ ಸಂತೆ ಸೇರಿತು. "ಆವತ್ತು ನಮ್ಮನೇಲಿ ಅತ್ತೆ ಎಪ್ಪತ್ತೇಳರ ಹುಟ್ಟಿದಬ್ಬ ಅಕ್ಕಾ, ಹೆಂಗೆ ಮಾಡ್ಲಿ?" ಅಂತ ಓಕಿಮೊತೊ. "ನಾನು ಆ ದಿನ ಮೀನು ಹಿಡಿಯೋಕೆ ಹೋಗ್ಬೇಕು ಅಂತಿದ್ದೆ" ಅಂತ ಇನ್ನೊಬ್ಬ. ಆಗ ಹಮಾಜಿ ಗಂಟಲು ಸರಿ ಮಾಡಿಕೊಂಡರು.

"ಓದ್ದೇ ಒತ್ತಿದ್ವಿ ಅಂತ ಹೇಳೋಕೆ ಯಾರಾದ್ರೂ ತಯಾರಿದ್ದೀರಾ? ಇದ್ರೆ ಈಗ್ಲೇ ಹೇಳಿ. ಇಪ್ಪತ್ತು ವರ್ಷದ ಸುತ್ತೋಲೆಗಳೆಲ್ಲ ನನ್ನ ಮನೇಲಿ ಇವೆ, ಅವನ್ನೂ ಓದ್ದೇ ಒತ್ತಿದ್ರಾ ಅಂತ ವಿಚಾರಿಸೋಣ."

ಎಲ್ಲರೂ ನೆಲ ನೋಡಿದರು. ನಾನೂ ನೋಡಿದೆ.

"ಹಾಗಾದ್ರೆ ಮೂರನೇ ತಾರೀಕು ಎರಡು ಗಂಟೆ. ಒತ್ತಿದ ಮುದ್ರೆ ಒತ್ತಿದ್ದೇ" ಅಂದರು. ಅವರೂ ಓದಿರಲಿಲ್ಲ ಎಂಬುದು ಅವರ ಕಿವಿಯ ಕೆಂಪಿನಲ್ಲೇ ಗೊತ್ತಾಗುತ್ತಿತ್ತು.

ನೋಡುವುದಿಲ್ಲ ಎಂದು ನಿನಗೆ ಮಾತು ಕೊಟ್ಟಿದ್ದೇನೆ. ನೋಡುತ್ತೇನೆ ಎಂದು ಕೇರಿಗೆ ಮುದ್ರೆ ಕೊಟ್ಟಿದ್ದೇನೆ. ಏನು ಮಾಡಲಿ, ನೀನೇ ಹೇಳು.

ಅಮ್ಮ


ಟೋಕಿಯೊ
ಅಕ್ಟೋಬರ್ 8, 1996
(ತುರ್ತು ಅಂಚೆ)

ಅಮ್ಮಾ,

ತಾಬುಚಿ ಮಾಮನಿಗೆ ಹೇಳಿ ನಿಲ್ಲಿಸು. ದಯವಿಟ್ಟು.

ನೀನು ಕೇಳಲಿಲ್ಲ, ನಾನು ಹೇಳಲಿಲ್ಲ. ಈಗ ಹೇಳುತ್ತೇನೆ. ಆ ಸಿನಿಮಾ ನಮ್ಮ ಅಂಗಡಿಯದ್ದು. ಹೆಸರು ಬದಲಾಗಿದೆ, ಊರು ಬದಲಾಗಿದೆ. ಆದರೆ ಅಪ್ಪ ತಾನು ಕೆಲಸಕ್ಕಿದ್ದ ಹಡಗಿನ ಟಿಕೆಟ್ ಕೌಂಟರಿನಲ್ಲೇ ಎದೆ ಹಿಡಿದುಕೊಂಡು ಬಿದ್ದದ್ದು ಇದೆ. ಅಪ್ಪನ ದಹನ ಮುಗಿಸಿ ಬಂದ ಮರುದಿನ ಬೆಳಿಗ್ಗೆ ಎಂಟಕ್ಕೆ ನೀನು ಶಟರ್ ಎತ್ತಿದ್ದು ಇದೆ. ಕೇರಿಯವರು ರಸ್ತೆಯ ಆಚೆ ನಿಂತು "ಅಬ್ಬಾ, ಕಲ್ಲು ಹೆಂಗಸು" ಅಂದದ್ದೂ ಇದೆ. ಹನ್ನೆರಡು ವರ್ಷದ ಹುಡುಗಿ ಮಹಡಿಯಿಂದ ಅದನ್ನು ಕೇಳಿಸಿಕೊಂಡಳು. ತಾನೂ ಹಾಗೇ ಅಂದುಕೊಂಡಳು.

ಹಾಗೆ ಅಂದವರೇ ಬಂದು ಕೂರುತ್ತಾರೆ. ನೀನು ನಡುವೆ ಕೂರುತ್ತೀಯ. ಆ ಕೋಣೆಯಿಂದ ಎದ್ದು ಹೋಗಲು ನಿನಗೆ ದಾರಿ ಇರುವುದಿಲ್ಲ. ನಿನ್ನನ್ನು ಅಲ್ಲಿ ಕೂರಿಸಬೇಕೆಂದು ನಾನು ಇದನ್ನು ತೆಗೆಯಲಿಲ್ಲ. ಯಾಕೆ ತೆಗೆದೆನೋ ನನಗೂ ಪೂರ್ತಿ ಗೊತ್ತಿಲ್ಲ.

ನಿಲ್ಲಿಸು, ಅಮ್ಮಾ.

ಚಿಜುರು


ಕಾನೆಹಾಮಾ
ಅಕ್ಟೋಬರ್ 13, 1996

ಚಿಜುರು,

ನಿನ್ನ ಕಾಗದ ಓದಿ ಎರಡು ದಿನ ಬರೀ ಇಸ್ತ್ರಿ ಹಾಕಿದೆ. ಓಕಿಮೊತೊ ಬಿಸಿ ವಡೆ ತಂದು ಕೌಂಟರಿನ ಮೇಲಿಟ್ಟು ಹೋದಳು.

ಕಲ್ಲು ಹೆಂಗಸು ಎಂದದ್ದು ನನಗೂ ಕೇಳಿಸಿತ್ತು. ರಸ್ತೆ ಅಷ್ಟೇನೂ ಅಗಲವಿಲ್ಲ.

ನಿಲ್ಲಿಸುವುದಿಲ್ಲ. ಹೊರಗಿನ ಊರಿನಿಂದ ಬೇಡಿಕೆ ಬಂದರೆ ನಿನಗೆ ಇನ್ನೊಂದು ಸಿನಿಮಾ ಸಿಗಬಹುದು ಅಂದೆಯಲ್ಲ. ಎರಡು ಗಂಟೆ ಕೂತು ನೋಡುವುದೇ ಅದಕ್ಕೆ ಬೇಕಾದರೆ ಕೂರುತ್ತೇನೆ. ಅದಕ್ಕಿಂತ ಹೆಚ್ಚು ಹೊತ್ತು ನಿಂತು ಇಸ್ತ್ರಿ ಹಾಕಿದವಳು ನಾನು. ಆದರೆ ಒಂದು ಷರತ್ತು. ಹಿಡಿಸದಿದ್ದರೆ ಹಿಡಿಸಲಿಲ್ಲ ಎಂದೇ ಬರೆಯುತ್ತೇನೆ. ಮಗಳೆಂದು ರಿಯಾಯಿತಿ ಇಲ್ಲ.

ಅಮ್ಮ


ಕಾನೆಹಾಮಾ
ನವೆಂಬರ್ 5, 1996

ನನ್ನ ಚಿಜುರು,

ಹೇಗೆ ಶುರು ಮಾಡಲಿ. ಆದದ್ದು ಆದ ಹಾಗೆ ಬರೆಯುತ್ತೇನೆ.

ಎರಡು ಗಂಟೆಯ ಆಟಕ್ಕೆ ಒಂದೂವರೆಗೆ ಹೋದೆ. ಟಾಕೀಸಿನ ಮುಂದೆ ಸಾಲು ಅಂಚೆ ಕಚೇರಿಯವರೆಗೆ. ನಮ್ಮ ಕೇರಿಯ ಮೂವತ್ತೆಂಟು ಮನೆಯವರು, ಜೊತೆಗೆ ಎರಡನೇ ಕೇರಿಯವರು! ಅವರ ಮುಖ್ಯಸ್ಥ ಹಮಾಜಿಯವರ ಹತ್ತಿರ ಜಗಳಕ್ಕೇ ನಿಂತಿದ್ದ. "ನಮ್ಮನ್ನ ಯಾಕೆ ಬಿಟ್ರಿ? ಆ ಹುಡುಗಿ ಓದಿದ್ದು ನಮ್ಮ ಕೇರಿ ಶಾಲೇಲಿ. ನಮ್ಮ ಹತ್ರ ಮುದ್ರೆ ಇಲ್ವಾ?" ಓಕಿಮೊತೊ ಹುಟ್ಟುಹಬ್ಬದ ಅತ್ತೆಯನ್ನು ಗಾಲಿಕುರ್ಚಿಯಲ್ಲಿ ತಂದಿದ್ದಳು. ಮುದುಕಿಯ ತಲೆಯ ಮೇಲೆ ಹುಟ್ಟುಹಬ್ಬದ ನೇರಳೆ ಟೋಪಿ.

ತೊಂಬತ್ತನಾಲ್ಕು ಕುರ್ಚಿ, ನೂರ ಅರವತ್ತು ಜನ. ತಾಬುಚಿ ಅಳುವುದೋ ನಗುವುದೋ ತಿಳಿಯದೆ ಸಮುದಾಯ ಭವನದಿಂದ ಚಾಪೆ ತರಿಸಿದ. ಮೂವತ್ತು ವರ್ಷದಲ್ಲಿ ಮೊದಲ ಸಲ 'ಜಾಗವಿಲ್ಲ' ಎಂಬ ಹಲಗೆಯನ್ನು ಅಟ್ಟದಿಂದ ಇಳಿಸಿ ಧೂಳು ಒರೆಸಿ ನೇತುಹಾಕಿದ. ಅದನ್ನು ತೂಗುಹಾಕಿ ಹಿಂದೆ ಸರಿದು ನಿಂತು ನೋಡಿದ. ಎಲ್ಲರೂ ಚಪ್ಪಾಳೆ ತಟ್ಟಿದರು, ಸಿನಿಮಾ ಇನ್ನೂ ಶುರುವಾಗಿರಲಿಲ್ಲ!

ನನ್ನನ್ನು ಸರಿಯಾಗಿ ನಡುವಿನ ಸಾಲಿನಲ್ಲಿ ಕೂರಿಸಿದರು. ನೀನು ಹೇಳಿದ ಹಾಗೆಯೇ. ಎದ್ದು ಹೋಗಲು ದಾರಿ ಇರಲಿಲ್ಲ.

ಶಟರ್ ಎತ್ತುವ ದೃಶ್ಯ ಬಂತು. ರಸ್ತೆಯ ಆಚೆಯಿಂದ ಆ ಮಾತೂ ಬಂತು. ಮುಂದೆ ತೆರೆಯ ಮೇಲಿನ ಆ ಹೆಂಗಸನ್ನು ಬಯ್ಯುತ್ತೀಯ, ಇಡೀ ಊರಿನ ಮುಂದೆ ನನ್ನನ್ನು ನಿಲ್ಲಿಸುತ್ತೀಯ ಎಂದು ಹಲ್ಲು ಕಚ್ಚಿಕೊಂಡು ಕೂತೆ.

ಆದರೆ ನಿನ್ನ ಕ್ಯಾಮೆರಾ ರಸ್ತೆಯಲ್ಲಿ ನಿಲ್ಲಲಿಲ್ಲ. ಅದು ಒಳಗೆ ಬಂತು. ಮೆಟ್ಟಿಲಿನ ಕಂಬಿಯ ಸಂದಿಯಿಂದ ನೋಡಿತು. ಅಂಗಡಿ ಮುಚ್ಚಿದ ಮೇಲೆ ಆ ಹೆಂಗಸು 'ಯಾರೂ ಒಯ್ಯದ ಬಟ್ಟೆ'ಯ ಕಂಬಿಯಿಂದ ಒಂದು ಬಿಳಿ ಅಂಗಿ ತೆಗೆದು, ಸುಕ್ಕೇ ಇಲ್ಲದ ಅಂಗಿಗೆ ಮತ್ತೆ ಇಸ್ತ್ರಿ ಹಾಕುತ್ತಾಳೆ. ಕಾಲರು, ತೋಳು, ಬೆನ್ನು. ಹಬೆ ಎದ್ದು ಅವಳ ಮುಖ ಮುಚ್ಚುತ್ತದೆ. ಮುಚ್ಚಿರುವಷ್ಟು ಹೊತ್ತು ಅಳುತ್ತಾಳೆ. ಹಬೆ ಇಳಿಯುವಷ್ಟರಲ್ಲಿ ಮುಗಿಸಿರುತ್ತಾಳೆ. ಮುಂದಿನ ವಾರ ಮತ್ತೆ ಅದೇ ಅಂಗಿ.

ನೀನು ನೋಡಿದ್ದೆ. ಹತ್ತೊಂಬತ್ತು ವರ್ಷ ಯಾರೂ ನೋಡಿಲ್ಲ ಎಂದುಕೊಂಡಿದ್ದೆ, ಮಗಳೇ. ನೀನು ಮೆಟ್ಟಿಲ ಮೇಲೆ ಕೂತು ಎಲ್ಲ ನೋಡಿದ್ದೆ.

ತೀರಿಕೊಂಡ ದಿನ ಬೆಳಿಗ್ಗೆ ನಿನ್ನ ಅಪ್ಪ ಮೈಮೇಲಿನ ಅಂಗಿ ಬಿಚ್ಚಿ ಬೇರೆ ತೊಟ್ಟು, ಬಿಚ್ಚಿದ್ದನ್ನು ಕೌಂಟರಿನ ಮೇಲಿಟ್ಟು ಗಿರಾಕಿಯ ಹಾಗೆ ನಿಂತಿದ್ದರು. "ಎಷ್ಟೊತ್ತಿಗೆ ಸಿಗುತ್ತಮ್ಮಾ?" ಅಂತ ಕೇಳಿದರು. ಗಂಡನಾದರೂ ಚೀಟಿ ತಪ್ಪಿದ್ದಲ್ಲ ಎಂದು ನಂಬರ್ 412 ಹರಿದು ಕೈಗೆ ಕೊಟ್ಟೆ. ನಗುತ್ತಾ ಪರ್ಸಿನಲ್ಲಿಟ್ಟುಕೊಂಡು ಹೋದರು. ಆಮೇಲೆ ಆಸ್ಪತ್ರೆಯವರು ಪರ್ಸು ಕೊಟ್ಟರು, ಅದರಲ್ಲಿ ಚೀಟಿ ಇರಲಿಲ್ಲ. ಇಸ್ತ್ರಿ ಹಾಕಿ ಮತ್ತೆ ಕಂಬಿಗೇ ತೂಗುಹಾಕುತ್ತಿದ್ದೆ, ಚೀಟಿ ಇಲ್ಲದೆ ಅಂಗಿಯನ್ನು ಅಲ್ಲಿಂದ ಇಳಿಸಿಬಿಡಲು ನನ್ನ ಕೈಲಾಗಲಿಲ್ಲ. ಹುಚ್ಚು ಅನ್ನು, ಏನಾದರೂ ಅನ್ನು. ಆ ಚೀಟಿಯನ್ನು ಇಂದಿಗೂ ಹುಡುಕುತ್ತೇನೆ.

ಮರುದಿನ ಶಟರ್ ಯಾಕೆ ಎತ್ತಿದೆ ಎಂದು ನೀನು ಒಮ್ಮೆಯೂ ಕೇಳಲಿಲ್ಲ. ಇನ್ನೂರು ಮಕ್ಕಳ ಯೂನಿಫಾರ್ಮು ಒಳಗಿತ್ತು, ಹೌದು. ಆದರೆ ನಿಜ ಅದಲ್ಲ. ಬಾಗಿಲು ಮುಚ್ಚಿದ್ದರೆ ಮತ್ತೆಂದೂ ತೆಗೆಯುವುದಿಲ್ಲ ಎಂದು ಹೆದರಿದ್ದೆ.

ಈಗ ಆ ಎರಡು ಅಕ್ಷರದ ಉತ್ತರ. ನಿನ್ನ ಹನ್ನೊಂದು ನಿಮಿಷದ ಚಿತ್ರದಲ್ಲಿ ಟಿಕೆಟ್ ಕೌಂಟರನ್ನು ಒಂದು ನಿಮಿಷ ಸುಮ್ಮನೆ ತೋರಿಸಿದ್ದೆ. ಖಾಲಿ ಕಿಟಕಿ, ಖಾಲಿ ಸ್ಟೂಲು. ಮನೆಗೆ ಬಂದು ಬರೆಯಲು ಕೂತರೆ ಬೇರೆ ಯಾವ ಮಾತೂ ಬರಲಿಲ್ಲ. 'ಇಲ್ಲ' ಎಂದು ಬರೆದೆ. ಸ್ಟೂಲಿನ ಮೇಲೆ ಇರಬೇಕಾದವರು ಇಲ್ಲ ಎನ್ನುವುದೊಂದೇ ನನ್ನ ತಲೆಯಲ್ಲಿತ್ತು. ಅದು ನಿನ್ನ ಪಾಲಿಗೆ ತೀರ್ಪಾಯಿತು. ಹೇಳಬೇಕಿತ್ತು, ಹೇಳಲಿಲ್ಲ. ತಪ್ಪು ನನ್ನದು.

ಚಿತ್ರ ಮುಗಿಯಿತು. ಕೆಲಸ ಮಾಡಿದವರ ಹೆಸರುಗಳು ಮೇಲೇರತೊಡಗಿದವು. ನಮ್ಮವರು ದೀಪ ಹತ್ತುವವರೆಗೆ ಏಳುವವರಲ್ಲ. ಕಟ್ಟಕಡೆಗೆ ಒಂದು ಸಾಲು: 'ಇಸ್ತ್ರಿ ಕೆಲಸದ ಗುರು, ಇಸೊಬೆ ಮಿತ್ಸುಯೊ.' ಗಾಲಿಕುರ್ಚಿಯ ಮುದುಕಿ ಇಡೀ ಟಾಕೀಸಿಗೆ ಕೇಳುವಂತೆ "ಅಯ್ಯೋ, ನಮ್ಮ ಮಿತ್ಸುಯೊ ಅಲ್ವೇನೇ ಇದು!" ಅಂತ ಕೂಗಿದಳು. ಆಮೇಲೆ ಆದ ಚಪ್ಪಾಳೆಗೆ ಪರದೆ ಅಲ್ಲಾಡಿತು. ಉತ್ಪ್ರೇಕ್ಷೆಯಲ್ಲ, ಪರದೆ ಹಳೆಯದು.

ಹೊರಗೆ ಬಂದಾಗ ಹಮಾಜಿ ನನ್ನ ಮುಂದೆ ನಿಂತರು. ಟೋಪಿ ತೆಗೆದರು. "ಆ ಮಾತು ಅಂದವರಲ್ಲಿ ನಾನೂ ಒಬ್ಬ. ತಪ್ಪಾಯ್ತಮ್ಮಾ" ಎಂದು ಸೊಂಟ ಬಾಗಿಸಿ ನಮಸ್ಕರಿಸಿದರು. ಅವರ ಹಿಂದೆ ಇನ್ನೂ ಏಳೆಂಟು ಜನ. ನಾನು ಏನೆಂದೆ ಗೊತ್ತೇ? "ನಿಮ್ಮ ಸೂಟು ನಾಳೆ ರೆಡಿ. ಚೀಟಿ ಮರೀಬೇಡಿ" ಅಂದೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಮಂಡಿ ನೋವು ಮರೆತು ಮನೆಯವರೆಗೆ ಒಂದೇ ಉಸಿರಿನಲ್ಲಿ ನಡೆದೆ.

ತಾಬುಚಿ ಇನ್ನೂ ಎರಡು ದಿನ ಹಾಕಿದ. ಎರಡು ದಿನವೂ 'ಜಾಗವಿಲ್ಲ'.

ಈಗ ನನ್ನ ಅರ್ಧ ಪುಟ ಬರೆದಿದ್ದೇನೆ. 'ಹಬೆ. ಅಜ್ಜಿ, ಅತ್ತೆ, ಮಕ್ಕಳು ಎಲ್ಲರ ಜೊತೆ ನೋಡಿ. ಕರವಸ್ತ್ರ ಒಬ್ಬರಿಗೊಂದು. ಪಾಠ:'

ಅಲ್ಲಿಗೆ ನಿಂತೆ. ಮೂರು ಸಲ ಬರೆದು ಹೊಡೆದುಹಾಕಿದೆ. ಕೊನೆಗೆ ಆ ಸಾಲನ್ನು ಖಾಲಿ ಬಿಟ್ಟೇ ಹಲಗೆಗೆ ಅಂಟಿಸಿ ಕಳಿಸಿದೆ. ಇಪ್ಪತ್ತೊಂದು ವರ್ಷದಲ್ಲಿ ಮೊದಲ ಸಲ.

ನಿನ್ನ ಅಮ್ಮ,
ಮಿತ್ಸುಯೊ


ಕಾನೆಹಾಮಾ
ನವೆಂಬರ್ 22, 1996

ಚಿಜುರು,

ನಿನ್ನಿಂದ ಕಾಗದವಿಲ್ಲ. ಇರಲಿ. ನನಗೂ ಹನ್ನೊಂದು ವರ್ಷ ಬೇಕಾಯಿತು.

ಸುತ್ತೋಲೆ ವಾಪಸ್ ಬಂತು. ಯಾವಾಗಲೂ ಮೂರು ದಿನಕ್ಕೆ ಬರುವುದು ಈ ಸಲ ಹದಿನೈದು ದಿನ ತೆಗೆದುಕೊಂಡಿತು. ಯಾರ ಮನೆಯಲ್ಲಿ ಸಿಕ್ಕಿಹಾಕಿಕೊಂಡಿದೆಯೋ ಎಂದು ಬಯ್ದುಕೊಳ್ಳುತ್ತಿದ್ದೆ. ಹಾಳೆ ನೋಡಿದರೆ, ನಾನು ಖಾಲಿ ಬಿಟ್ಟ ಸಾಲಿನಲ್ಲಿ ಬರೆದು, ಅಂಚಿನಲ್ಲಿ ಬರೆದು, ಜಾಗ ಸಾಲದೆ ಹಿಂದೆ ಇನ್ನೊಂದು ಹಾಳೆ ಅಂಟಿಸಿ ಬರೆದಿದ್ದಾರೆ. ಈ ಸಲ ಎಲ್ಲರೂ ಓದಿದ್ದಾರೆ!

ಹಮಾಜಿ: 'ಓದಿ ಮುದ್ರೆ ಒತ್ತಬೇಕು.' ಓಕಿಮೊತೊ: 'ಗಂಡನ ಅಂಗಿಯನ್ನು ಇವತ್ತಿನದು ಇವತ್ತೇ ಇಸ್ತ್ರಿ ಮಾಡಿ ಕೊಡಬೇಕು.' ಅದರ ಕೆಳಗೆ ಅವಳ ಗಂಡ: 'ಕೊಟ್ಟಳು. ಸಿನಿಮಾಕ್ಕೆ ವಂದನೆ.' ಅವಳ ಅತ್ತೆ ನಡುಗುವ ಕೈಯಲ್ಲಿ: 'ಎಪ್ಪತ್ತೇಳಕ್ಕೂ ಅತ್ತರೆ ಚೆನ್ನಾಗಿರುತ್ತದೆ.' ತಾಬುಚಿ: 'ಕುರ್ಚಿ ಹೆಚ್ಚಿಸಬೇಕು.' ಸ್ನಾನಗೃಹದ ಯಜಮಾನ: 'ರಸ್ತೆಯ ಆಚೆಯಿಂದ ನೋಡಿ ಮಾತಾಡಬಾರದು.' ಕೊನೆಯ ಮನೆಯವರು, ಹೊಸಬರು, ನನ್ನ ಪರಿಚಯವೇ ಇಲ್ಲ: 'ಬಾಗಿಲು ತೆರೆದಿಟ್ಟವರ ಮನೆಯಲ್ಲೂ ದುಃಖ ಇರುತ್ತದೆ. ನಾಳೆ ನಾವೂ ಬಟ್ಟೆ ತರುತ್ತೇವೆ.' ತಂದರು ಕೂಡ.

ಮೂಲ ಹಾಳೆಯನ್ನೇ ನಿನಗೆ ಕಳಿಸುತ್ತಿದ್ದೇನೆ. ಹಳೆಯ ಹಾಳೆಯ ಬದಲಿಗೆ ಇದನ್ನು ಇಟ್ಟುಕೋ. ಮೂವತ್ತೇಳು ಮುದ್ರೆ ಇವೆ. ನಮ್ಮ ಮನೆಯ ಚೌಕ ಖಾಲಿ ಬಿಟ್ಟಿದ್ದೇನೆ. ಅಲ್ಲಿ ಬರೆಯುವುದೂ ಒತ್ತುವುದೂ ನಿನ್ನದು.

ಅಮ್ಮ


ಟೋಕಿಯೊ
ಡಿಸೆಂಬರ್ 15, 1996

ಅಮ್ಮಾ,

ನಿನ್ನ ನವೆಂಬರ್ ಐದರ ಕಾಗದವನ್ನು ಚೀಲದಲ್ಲಿಟ್ಟುಕೊಂಡು ತಿರುಗುತ್ತಿದ್ದೆ. ಬರೆಯಲು ಕೂತಾಗಲೆಲ್ಲ ಅಕ್ಷರ ಮಂಜಾಗುತ್ತಿತ್ತು. ಅದಕ್ಕೇ ತಡವಾಯಿತು.

ಮೊದಲು ಸುದ್ದಿ. ತಾಬುಚಿ ಮಾಮ ಕರಾವಳಿಯ ಟಾಕೀಸಿನವರಿಗೆಲ್ಲ ಫೋನ್ ಮಾಡಿ 'ಜಾಗವಿಲ್ಲ' ಹಲಗೆಯ ಕಥೆ ಹೇಳಿದ್ದಾರೆ. ಹೇಳುವಾಗ ನೂರ ಅರವತ್ತು ಜನ ಮುನ್ನೂರಾಗಿದ್ದಾರಂತೆ. ಹದಿನಾಲ್ಕು ಊರುಗಳಿಂದ ಬೇಡಿಕೆ ಬಂದಿದೆ, ಅಮ್ಮಾ! ಹದಿನಾಲ್ಕು! ಎಲ್ಲ ನಮ್ಮೂರಿನಂಥವೇ. ಒಂದೂರಿನಲ್ಲಿ ಸುತ್ತೋಲೆ ಕಳಿಸಿ ಮುದ್ರೆ ಒತ್ತಿಸಿದ್ದಾರೆ. ಆಗ ಹಂಚಿಕೆದಾರರು ಟೋಕಿಯೊದಲ್ಲೂ ಮತ್ತೆ ಹಾಕಿದರು. ಮೊನ್ನೆ ಅರವತ್ತು ಕುರ್ಚಿಯೂ ತುಂಬಿತ್ತು. ಚಪ್ಪಲಿ ಬಿಚ್ಚಿ ಮಲಗಿದ್ದ ಮುದುಕರು ಹೆಂಡತಿಯನ್ನು ಕರೆದುಕೊಂಡು ಬಂದಿದ್ದರು. ಈ ಸಲ ಎಚ್ಚರವಾಗಿದ್ದರು. ಮುಂದಿನ ಸಿನಿಮಾಕ್ಕೆ ನಿನ್ನೆ ಒಪ್ಪಂದವಾಯಿತು. ಮದುವೆಯ ಕಂಪನಿಗೆ ಬರುವುದಿಲ್ಲ ಎಂದು ಹೇಳಿ ಬಂದೆ.

ಎಲ್ಲ ಕಡೆಯೂ ಪತ್ರಿಕೆಯವರು ಒಂದೇ ಪ್ರಶ್ನೆ ಕೇಳುತ್ತಾರೆ, ಈ ಚಿತ್ರದಿಂದ ಏನು ಹೇಳಲು ಹೊರಟಿದ್ದೀರಿ ಎಂದು. ಮೊದಲು ಸಿಟ್ಟು ಬರುತ್ತಿತ್ತು. ಈಗ ನಮ್ಮಮ್ಮನನ್ನು ಕೇಳಿ ಅನ್ನುತ್ತೇನೆ.

ಹಾಳೆಯಲ್ಲಿ ನಮ್ಮ ಚೌಕದ ಪಕ್ಕ ಏನು ಬರೆಯಲಿ ಎಂದು ಮೂರು ವಾರ ಯೋಚಿಸಿದೆ. ಬರೆದು ಮುಗಿಸುವುದಲ್ಲ ಅದು. ಹಾಳೆಯನ್ನು ನಾನೇ ತರುತ್ತೇನೆ. ನೀನು ನನಗೆ ಹದಿನೆಂಟಕ್ಕೆ ಮಾಡಿಸಿಕೊಟ್ಟ ಮುದ್ರೆಯನ್ನೂ ತರುತ್ತೇನೆ, ನಿನ್ನ ಎದುರಿಗೇ ಒತ್ತುತ್ತೇನೆ. ಮೂವತ್ತೊಂದರ ಮಧ್ಯಾಹ್ನದ ಬಸ್ಸು. ವರ್ಷದ ಕೊನೆಯ ದಿನ ನಿನ್ನ ಅಂಗಡಿ ಎಷ್ಟು ಹೊತ್ತಿಗೆ ಮುಚ್ಚುತ್ತದೆಂದು ನನಗೆ ಗೊತ್ತು. ಅದಕ್ಕೆ ಮುಂಚೆ ಬರುತ್ತೇನೆ.

ಗಿರಾಕಿಯಾಗಿಯೇ ಬರುತ್ತೇನೆ. ಅಪ್ಪನ ಪರ್ಸನ್ನು ಆಸ್ಪತ್ರೆಯವರು ಮೊದಲು ಕೊಟ್ಟದ್ದು ನನ್ನ ಕೈಗೆ, ನಿನಗಲ್ಲ. ಅದರೊಳಗಿನದೊಂದನ್ನು ನಾನು ತೆಗೆದು ಬಚ್ಚಿಟ್ಟುಕೊಂಡೆ. ಅದನ್ನು ಕೊಟ್ಟರೆ ನೀನು ಅಂಗಿ ಇಳಿಸಿಬಿಡುತ್ತೀಯ, ಆಮೇಲೆ ಅಪ್ಪ ಪೂರ್ತಿ ಹೋಗಿಬಿಡುತ್ತಾರೆ ಎಂದು ಹನ್ನೆರಡು ವರ್ಷದವಳಿಗೆ ಅನ್ನಿಸಿತ್ತು. ಹತ್ತೊಂಬತ್ತು ವರ್ಷ ನೀನು ಹುಡುಕುತ್ತಿರುವುದು ನನ್ನ ಹತ್ತಿರ ಇದೆ ಎಂದು ಹೇಳಲು ಧೈರ್ಯ ಬರಲಿಲ್ಲ. ಕ್ಷಮಿಸು.

ನಂಬರ್ 412ರ ಅಂಗಿಯನ್ನು ಕಂಬಿಯಿಂದ ಇಳಿಸಿ ಕೊನೆಯದಾಗಿ ಒಂದೇ ಒಂದು ಸಲ ಇಸ್ತ್ರಿ ಹಾಕಿಡು, ಅಮ್ಮಾ. ಚೀಟಿ ತರುತ್ತಿದ್ದೇನೆ.

ನಿನ್ನ ಮಗಳು,
ಚಿಜುರು